ಬಲಗಡೆಯ ಒಲೆ

ಆ ಒಲೆಯ ಮುಖ ನೋಡಿದರೆ ಸಾಕು, ಕೊಸಾರಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯಬೇಕಾದ ಒಲೆ ಮಾತ್ರ ನೆಟ್ಟಗೆ ಉರಿಯುತ್ತಿರಲಿಲ್ಲ. ಮೇಲಿನ ಕಬ್ಬಿಣದ ಹಲಗೆ ಅಡ್ಡಡ್ಡ ಬಿರುಕು ಬಿಟ್ಟು, ಪಾತ್ರೆ ಇಟ್ಟಲ್ಲೆಲ್ಲ ಹೊಗೆ. ಸೌದೆ ಹಾಕುವ ಬಾಗಿಲಿಗೆ ಚಿಲಕವಿಲ್ಲ, ತಂತಿ ಸುತ್ತಿದ್ದು. ಒಲೆಯ ಹೊಟ್ಟೆಯಲ್ಲಿದ್ದ ಓವನ್ನಿನ ತಳವಂತೂ ಸುಟ್ಟು ತೂತಾಗಿ, ಬ್ರೆಡ್ಡು ಒಳಗಿಟ್ಟರೆ ಕೆಳಗೆ ಕರಕಲು, ನಡುವೆ ಹಸಿ ಹಿಟ್ಟು.

ಅವಳ ಗಂಡ ಮಿಲಿಸಾವ್‌ನನ್ನು ಕೇಳಿದರೆ ಅದಕ್ಕೇನೂ ಆಗಿರಲಿಲ್ಲ. ಪ್ಲಮ್ ಕೊಯ್ಲು ಮುಗಿದು ಚಳಿ ಹತ್ತಿರವಾದಾಗಲೆಲ್ಲ ಅವನು ಒಲೆಯ ನೆತ್ತಿಗೆ ಎರಡು ಸಲ ಬಡಿದು, "ಇನ್ನೊಂದು ಚಳಿಗಾಲ ಓಡುತ್ತೆ ಬಿಡು" ಅನ್ನುತ್ತಿದ್ದ. ಆಮೇಲೆ ಜೇಡಿಮಣ್ಣಿಗೆ ಬೂದಿ, ಉಪ್ಪು ಕಲಸಿ ಬಿರುಕಿಗೆ ಮೆತ್ತುತ್ತಿದ್ದ. ಒಂದು ವಾರ ಬೆಂಕಿ ಕಂಡರೆ ಅದು ಚಕ್ಕೆ ಚಕ್ಕೆಯಾಗಿ ಉದುರಿ ಬೀನ್ಸ್ ಸಾರಿನಲ್ಲಿ ಬೀಳುತ್ತಿತ್ತು. ಒಂದು ವರ್ಷ ಹಳೇ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಕತ್ತರಿಸಿ ಓವನ್ನಿನ ತಳಕ್ಕೆ ಹಾಸಿದ. ಅದರ ಬಣ್ಣ ಸುಟ್ಟು, ಒಳಗೆ ಬೇಯಲಿಟ್ಟ ಎಲೆಕೋಸಿನ ಸುರುಳಿಗಳೆಲ್ಲ ಪೇಂಟಿನ ವಾಸನೆ ಹೊಡೆದವು. ನಾಯಿ ಸಹ ಮೂಸಿ ಆಚೆ ಹೋಯಿತು. ಅಷ್ಟಾದರೂ ಈ ಮನುಷ್ಯನಿಗೆ ತನ್ನ ಕೆಲಸದ ಮೇಲೆ ಎಂಥ ಹೆಮ್ಮೆ!

ಇಷ್ಟನ್ನೂ ಅವಳು ಹಲ್ಲು ಕಚ್ಚಿ ಸಹಿಸಿದ್ದಳು. ಸಹಿಸಲಾಗದೆ ಹೋದದ್ದು ಕಳೆದ ವರ್ಷದ ಸಂತ ನಿಕೋಲನ ದಿನ. ಅದು ಅವರ ಮನೆತನದ ಸಂತನ ಹಬ್ಬ. ಊರಿಗೆ ಊರೇ ಮನೆಗೆ ಬರುವ ದಿನ. ಪಾದ್ರಿಯೂ ಮನೆಯ ಯಜಮಾನನೂ ಹಬ್ಬದ ಬ್ರೆಡ್ಡನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಎಲ್ಲರೆದುರು ಮುರಿಯಬೇಕು. ಮುರಿದರು. ನಡುವಿನಿಂದ ಹಸಿ ಹಿಟ್ಟು ಅಂಟಂಟಾಗಿ ಜೋತುಬಿತ್ತು. ಪಾದ್ರಿ ಗಂಟಲು ಸರಿಮಾಡಿಕೊಂಡರು. ಅತ್ತೆ ಸ್ತಮೆಂಕ ಮೇಜಿನ ಆ ತುದಿಯಿಂದ, ಎಲ್ಲರಿಗೂ ಕೇಳುವ ಹಾಗೆ, "ಹಿಟ್ಟಿಗೆ ಕೈಗುಣ ಬೇಕು, ಏನು ಮಾಡೋದು" ಅಂದಳು. ಕೊಸಾರ ಗಂಡನ ಮುಖ ನೋಡಿದಳು. ಓವನ್ನಿನ ತಳದ ತೂತಿನಲ್ಲಿ ತನ್ನ ಕೈಯನ್ನೇ ತೂರಿಸಿ ನೋಡಿದ್ದವನು ಅವನು. ಒಲೆಯದೇ ತಪ್ಪು ಅಂತ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದ. ಆ ಅವಮಾನ ಅವಳಿಗೆ ವರ್ಷಪೂರ್ತಿ ಗಂಟಲಲ್ಲೇ ಉಳಿಯಿತು.

ಅದಕ್ಕೇ ಈ ವರ್ಷ ಅವಳು ಮೊದಲೇ ಖಡಾಖಂಡಿತ ಹೇಳಿಬಿಟ್ಟಳು: ಹಬ್ಬದೊಳಗೆ ಹೊಸ ಒಲೆ ಬರಬೇಕು, ಇಲ್ಲವಾದರೆ ಬ್ರೆಡ್ಡನ್ನು ಪೇಟೆಯ ಬೇಕರಿಯಿಂದ ತರಿಸುತ್ತೇನೆ. ಸಂತನ ಮೇಜಿನ ಮೇಲೆ ಅಂಗಡಿ ಬ್ರೆಡ್ಡು! ಅತ್ತೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಮಿಲಿಸಾವ್ ಎರಡು ದಿನ ಮುಖ ಊದಿಸಿಕೊಂಡು ತಿರುಗಿದ. ಕೊನೆಯ ಪ್ರಯತ್ನವೆಂಬಂತೆ ಮತ್ತೊಂದು ಬಟ್ಟಲು ಮಣ್ಣು ಕಲಸಿದ. ಅವಳು ಬಟ್ಟಲನ್ನು ಹಾಗೇ ಎತ್ತಿ ಅಂಗಳಕ್ಕೆ ಚೆಲ್ಲಿದಳು. ಮೂರನೆಯ ದಿನ, ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ, ಅವನು ಪೇಟೆಯ ಅಂಗಡಿಗೆ ಫೋನು ಮಾಡಿ ಒಲೆಗೆ ಹೇಳಿಯೇಬಿಟ್ಟ.

ವ್ಯಾನಿನಲ್ಲಿ ಒಲೆ ಬಂತು. ಹಾಲಿನ ಕೆನೆಯಂಥ ಬಣ್ಣ, ಹೊಳೆಯುವ ಹಿಡಿ, ಓವನ್ನಿಗೆ ಗಾಜಿನ ಬಾಗಿಲು. ಕೊಸಾರ ಒದ್ದೆ ಕೈ ಒರೆಸಿಕೊಂಡು ರಟ್ಟು ಬಿಚ್ಚಿದಳು. ಬಿಚ್ಚುತ್ತ ಬಿಚ್ಚುತ್ತ ಅವಳ ಮುಖ ಇಳಿಯಿತು.

ಆ ಸೀಮೆಯಲ್ಲಿ ಒಲೆ ಕೊಳ್ಳುವವರನ್ನು ಅಂಗಡಿಯವನು ಮೊದಲು ಕೇಳುವುದು ಒಂದೇ ಪ್ರಶ್ನೆ, ಎಡಗಡೆಯದೋ ಬಲಗಡೆಯದೋ ಅಂತ. ಒಲೆಯೆದುರು ನಿಂತರೆ ಗೋಡೆಯೊಳಗಿನ ಹೊಗೆಗೂಡು ಯಾವ ಕಡೆಗಿದೆಯೋ, ಒಲೆಯ ಹೊಗೆಬಾಯಿಯೂ ಆ ಕಡೆಗಿರಬೇಕು. ಅವರ ಅಡುಗೆಮನೆಯಲ್ಲಿ ಹೊಗೆಗೂಡು ಎಡಕ್ಕಿತ್ತು. ಹೊಸ ಒಲೆಯ ಬಾಯಿ ಬಲಕ್ಕಿತ್ತು.

"ಯಾವ ಕಡೆದು ಅಂತ ಹೇಳ್ದೆ?" ಅಂತ ಅವಳು ಕೇಳಿದಳು.

"ಬಲಗಡೆದು. ಸರಿಯಾಗೇ ನೋಡ್ಕೊಂಡು ಹೇಳಿದೀನಿ."

"ಎಲ್ಲಿಂದ ನೋಡ್ದೆ?"

"ಸೋಫಾದಿಂದ."

ಸೋಫಾ ಇದ್ದದ್ದು ಗೋಡೆಯ ಆಚೆಗಿನ ಕೋಣೆಯಲ್ಲಿ. ಅಲ್ಲಿ ಕೂತರೆ ಎದುರಿಗೆ ಟಿವಿ, ಟಿವಿಯ ಬಲಕ್ಕೆ ಅದೇ ಹೊಗೆಗೂಡಿನ ಉಬ್ಬು. ಈಚೆಯಿಂದ ಎಡವಾದದ್ದು ಆಚೆಯಿಂದ ಬಲ. ಫುಟ್‌ಬಾಲ್ ನೋಡುತ್ತ, ಫೋನು ಕಿವಿಗಿಟ್ಟುಕೊಂಡು, ಕಣ್ಣೆತ್ತಿ ಆ ಉಬ್ಬನ್ನು ನೋಡಿ ಅವನು ಬಲ ಅಂದಿದ್ದ.

ಕೊಸಾರ ಸೌದೆಯ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳ ಎಡಗೈ ಆ ಹೊಗೆಗೂಡಿಗೆ ಹೋಗುವ ಕೊಳವೆಗೆ ತಗಲಿ ಎಷ್ಟು ಸಲ ಸುಟ್ಟಿತ್ತೋ ಲೆಕ್ಕವಿಲ್ಲ. ಕಣ್ಣು ಮುಚ್ಚಿದರೂ ಅದು ಎಡಕ್ಕೇ ಇದೆಯೆಂದು ಅವಳಿಗೆ ಗೊತ್ತು. ಅವನು ಒಲೆಗೆ ಮಣ್ಣು ಮೆತ್ತಿದ್ದಾನೆ, ತಂತಿ ಬಿಗಿದಿದ್ದಾನೆ. ಅದರೆದುರು ನಿಂತು ಒಂದು ದಿನವೂ ಬೇಯಿಸಿಲ್ಲ. ಒಲೆ ಎಂದಾಗ ಅವನ ಕಣ್ಣ ಮುಂದೆ ಬರುವುದು ಟಿವಿ ಪಕ್ಕದ ಬೆಚ್ಚನೆಯ ಗೋಡೆ. ಅಷ್ಟೇ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮಿಲಿಸಾವ್ ಅಂಗಡಿಗೆ ಫೋನು ಮಾಡಿದ. ಬದಲಾಯಿಸಿ ಕೊಡುತ್ತಾರಂತೆ, ಆದರೆ ಎಡಗಡೆಯವು ಬರುವುದು ಹಬ್ಬ ಕಳೆದ ಮೇಲಂತೆ. ಅವನ ಮುಖದಲ್ಲಿ ಒಂಥರಾ ನೆಮ್ಮದಿ ಕಂಡಿತು. ಹಳೇ ಒಲೆಯ ನೆತ್ತಿಗೆ ಎರಡು ಸಲ ಬಡಿದ.

"ಹಬ್ಬಕ್ಕೆ ಇದೇ ಸಾಕು ಬಿಡೇ. ತಳಕ್ಕೊಂದು ತಗಡು ಹಾಕಿ, ಮೇಲೆ ಸ್ವಲ್ಪ ಮಣ್ಣು..."

ಅವಳು ಎದ್ದಳು. ತರಕಾರಿ ಹೆಚ್ಚುವ ಚಾಕು ತೆಗೆದುಕೊಂಡು ಆಚೆಯ ಕೋಣೆಗೆ ನಡೆದಳು. ಗಾಬರಿಯಾಗಿ ಮಿಲಿಸಾವ್ ಹಿಂದೆಯೇ ಓಡಿದ. ಟಿವಿಯ ಬಲಕ್ಕೆ, ಹೊಗೆಗೂಡಿನ ಉಬ್ಬಿನ ಮೇಲೆ ಚರ್ಚಿನ ಕ್ಯಾಲೆಂಡರ್ ತೂಗುತ್ತಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಹಿಂದೆ ಹೂವಿನ ಚಿತ್ರ ಬರೆದ ದುಂಡನೆಯ ತಗಡಿನ ಮುಚ್ಚಳವಿತ್ತು. ಹಿಂದೆ ಯಾವಾಗಲೋ ಆ ಕೋಣೆಯಲ್ಲೂ ಒಂದು ಒಲೆ ಇತ್ತು, ಅದರ ಕೊಳವೆಗೆ ಬಿಟ್ಟಿದ್ದ ಕಂಡಿ ಅದು. ಚಾಕು ತೂರಿಸಿ ಮೀಟಿದಳು. ಮುಚ್ಚಳ ಕಳಚಿ ಬಿತ್ತು, ಟಿವಿಯ ಮೇಲೆಲ್ಲ ಮಸಿ ಸುರಿಯಿತು.

"ಒಲೆ ಇಲ್ಲಿಗೆ ತಗೊಂಡು ಬಾ."

"ನಿನಗೇನು ತಲೆ ಕೆಟ್ಟಿದ್ಯಾ? ಈ ಕೋಣೇಲಿ ಯಾರಾದ್ರೂ ಅಡುಗೆ ಮಾಡ್ತಾರೇನೇ? ಟಿವಿ ಎಲ್ಲಿಡೋದು?"

"ಇಲ್ಲಿಂದ ನೋಡಿದ್ರೆ ಬಲಗಡೆನೇ ಅಲ್ವಾ? ನೀನೇ ನೋಡ್ಕೊಂಡು ಹೇಳಿದ್ದು. ತಗೊಂಡು ಬಾ."

ಅವನು ತಾಯಿಯ ಕಡೆ ತಿರುಗಿದ. ಬಾಗಿಲಲ್ಲಿ ನಿಂತಿದ್ದ ಸ್ತಮೆಂಕ ಸೊಸೆಯ ಕೈಯಲ್ಲಿದ್ದ ಚಾಕು ನೋಡಿದಳು, ಬೇಕರಿ ಬ್ರೆಡ್ಡನ್ನೂ ನೆನೆಸಿಕೊಂಡಿರಬೇಕು. ಒಳಗೆ ಬಂದು, ಟಿವಿಯ ಮೇಲಿನ ಕ್ರೋಶಾ ಬಟ್ಟೆ ಎತ್ತಿ, ಕಿಟಕಿಯಾಚೆ ಮಸಿ ಕೊಡವಿ, ಮಡಿಸಿ ಇಟ್ಟಳು.

ಟಿವಿ ಅಡುಗೆಮನೆಗೆ ಹೋಯಿತು. ಒಲೆ ಕೋಣೆಗೆ ಬಂತು. ಹೊಸ ಒಲೆ ಮೊದಲ ಬೆಂಕಿಗೆ ಎಣ್ಣೆ ವಾಸನೆ ಬಿಟ್ಟು ಎರಡು ದಿನ ಕಿಟಕಿ ತೆರೆದಿಡಬೇಕಾಯಿತು, ಆಮೇಲೆ ತೆಪ್ಪಗಾಯಿತು. ಹಬ್ಬದವರೆಗೂ ಕೊಸಾರ ದಿನಾ ಒಂದು ಬ್ರೆಡ್ಡು ಬೇಯಿಸಿ, ಗಾಜಿನಲ್ಲಿ ಇಣುಕಿ, ಅದರ ಉರಿಯ ಹದ ಕಲಿತಳು.

ಸಂತ ನಿಕೋಲನ ದಿನ ಮನೆ ತುಂಬ ಜನ. ಪಾದ್ರಿಯೂ ಮಿಲಿಸಾವ್‌ನೂ ಬ್ರೆಡ್ಡು ಹಿಡಿದು ತಿರುಗಿಸಿದರು. ಮುರಿದರು. ಬ್ರೆಡ್ಡು ನಡುವೆ ನೀಟಾಗಿ ಬಿಟ್ಟುಕೊಂಡಿತು. ಒಳಗೆ ಒಂದಿಷ್ಟೂ ಹಸಿಯಿಲ್ಲ, ಹತ್ತಿಯಷ್ಟು ಮೆತ್ತಗೆ. ಪಾದ್ರಿ ಎರಡನೆಯ ತುಂಡು ಕೇಳಿ ತೆಗೆದುಕೊಂಡರು.

ಅತ್ತೆ ಮೇಜಿನ ಆ ತುದಿಯಿಂದ, ಎಲ್ಲರಿಗೂ ಕೇಳುವ ಹಾಗೆ, "ಒಲೆ ಒಳ್ಳೇದು" ಅಂದಳು.

ಕೊಸಾರ ಕಾದಳು. ಹೋದ ವರ್ಷ ಬಾರದ ಮಾತು ಈಗಲಾದರೂ ಬರಲಿ ಅಂತ ಗಂಡನ ಮುಖವನ್ನೇ ನೋಡುತ್ತ ನಿಂತಳು. ಮಿಲಿಸಾವ್ ರಾಕಿಯಾ ಎಂಬ ಪ್ಲಮ್ ಸಾರಾಯಿಯ ಲೋಟ ಕೆಳಗಿಟ್ಟ, ಮೀಸೆ ಒರೆಸಿಕೊಂಡ, ನೆಂಟರೆಲ್ಲರ ಕಡೆಗೂ ಒಮ್ಮೆ ನೋಡಿದ.

"ನಾನೇ ಆರಿಸಿದ್ದು" ಅಂದ.

ನೆಂಟರು ತಲೆದೂಗಿದರು. ಕೊಸಾರ ಮೀನಿನ ತಟ್ಟೆ ಎತ್ತಿಕೊಂಡು ಬಡಿಸುತ್ತ ಹೋದಳು.

ಹಬ್ಬ ಮುಗಿದ ಮೇಲೆ ಅಂಗಡಿಯವನು, ಎಡಗಡೆಯದು ಬಂದಿದೆ, ಬದಲಾಯಿಸಬೇಕಾ ಅಂತ ಫೋನು ಮಾಡಿದ. ಬೇಡ ಅಂತ ಅವಳೇ ಹೇಳಿದಳು. ಹಿಮ ಬೀಳತೊಡಗಿತ್ತು. ಅವಳು ಸೋಫಾದ ಮೇಲೆ ಕಾಲು ಚಾಚಿ ಕೂತು, ಎದುರಿನ ಗಾಜಿನೊಳಗೆ ಬ್ರೆಡ್ಡು ಉಬ್ಬುವುದನ್ನು ನೋಡುತ್ತಿದ್ದಳು. ಗೋಡೆಯಾಚೆ ಅಡುಗೆಮನೆಯಲ್ಲಿ ಫುಟ್‌ಬಾಲ್ ನಡೆದಿತ್ತು. ಚಳಿ ತಡೆಯದೆ ಮಿಲಿಸಾವ್ ಹಳೇ ಒಲೆಗೆ ಬೆಂಕಿ ಹಾಕಿದ್ದ. ಸ್ವಲ್ಪ ಹೊತ್ತಿಗೆ ಕೆಮ್ಮು ಕೇಳಿಸಿತು.

"ಕೊಸಾರ, ಇಲ್ಲಿ ಹೊಗೆಗೆ ಚೆಂಡೇ ಕಾಣ್ತಿಲ್ಲ ಕಣೇ!"

"ಮಣ್ಣು ಮೆತ್ತು" ಅಂದಳು ಅವಳು ಕೂತಲ್ಲಿಂದಲೇ. "ಇನ್ನೊಂದು ಚಳಿಗಾಲ ಓಡುತ್ತೆ."