ಶುಭ ಕೋರುವವರು

೧೯೯೬ರಲ್ಲಿ ಶಿಡ್ಲಘಟ್ಟಕ್ಕೆ ಲಾಲ್ ಬಾಷಾನ ಕೇಬಲ್ ಬಂದ ಮೇಲೆ, ಊರಿನವರ ಮದುವೆ ದಿನಗಳೆಲ್ಲ ಮಧ್ಯಾಹ್ನದ ಸಿನಿಮಾಕ್ಕೆ ಮುಂಚೆ ಟೀವಿಯಲ್ಲಿ ಬರತೊಡಗಿದವು. ಮೇಲೆ ಜೋಡಿಯ ಫೋಟೋ, ಕೆಳಗೆ 'ಶುಭ ಕೋರುವವರು' ಎಂದು ನೆಂಟರ ಹೆಸರು. ಹೆಸರು ನೋಡಿಕೊಳ್ಳುವ ಆಸೆಗೇ ಜನ ಕನೆಕ್ಷನ್ ಹಾಕಿಸಿಕೊಂಡರು.

ಒಂದು ದಿನ ಶಕೀಲಾ, ವೆಂಕಟರತ್ನಮ್ಮ ಅವನ ಮನೆಗೆ ತಮ್ಮಿಬ್ಬರ ಫೋಟೋ ತಂದರು. ಒಂದೇ ಯೂನಿಟ್ಟಿನಲ್ಲಿ ರೇಷ್ಮೆ ನೂಲು ಬಿಚ್ಚುವವರು, ಒಂದೇ ಮನೆಯಲ್ಲಿ ಬಾಳುವವರು.

"ನಾವು ಮನೆ ಹೂಡಿ ನಾಳೆಗೆ ಹತ್ತು ವರ್ಷ ಕಣಪ್ಪ. ಮದುವೆ ದಿನದೋರ ಜೊತೆ ಹಾಕು," ಎಂದಳು ರತ್ನಮ್ಮ.

"ಅಕ್ಕ-ತಂಗಿ ಅಂತ ಹಾಕ್ಲಾ ರತ್ನಕ್ಕ?"

"ಅಕ್ಕ-ತಂಗೀರು ನಮ್ಗೆ ಬೇರೆ ಅವ್ರೆ. ಮಾತಾಡ್ಸಲ್ಲ ಅಷ್ಟೆ," ಎಂದಳು ಶಕೀಲಾ.

"ಫ್ಯಾಮಿಲಿ ನೋಡೋ ಚಾನೆಲ್ಲು ಆಪಾ. ಜನ ಕನೆಕ್ಷನ್ ಕೀಳಿಸ್ತಾರೆ."

"ನಾವು ಫ್ಯಾಮಿಲಿ ಅಲ್ದಿದ್ರೆ ತಿಂಗ್ಳಾ ತಿಂಗ್ಳಾ ಕೇಬಲ್ ದುಡ್ಡಿಗೆ ನಮ್ಮನೆ ಬಾಗ್ಲಿಗ್ ಯಾಕ್ ಬರ್ತೀಯಪ್ಪ?" ಎಂದಳು ಶಕೀಲಾ.

ಅವನ ಚಾನೆಲ್ಲಿನ ಸೀರೆ ಅಂಗಡಿ ಜಾಹೀರಾತಿನಲ್ಲಿ ಮದುಮಗಳೊಬ್ಬಳು ದಿನವೂ ರೇಷ್ಮೆ ಸೀರೆಯುಟ್ಟು ಗಂಡನತ್ತ ನಗುತ್ತಿದ್ದಳು. ಆ ನೂಲನ್ನು ಕುದಿನೀರಿನಿಂದ ಎಳೆದ ಬೆರಳುಗಳಿಗೆ ಪರದೆಯಲ್ಲಿ ಜಾಗವಿಲ್ಲ! ಕೊಳ್ಳುವವರೆಂದರೆ ಗಂಡ, ಹೆಂಡತಿ, ಮಕ್ಕಳು. ಉಳಿದವರು ದುಡ್ಡು ಕೊಟ್ಟು ಅವರನ್ನು ನೋಡುತ್ತಿರಬೇಕು.

ಲಾಲ್ ಬಾಷಾ ಕೊನೆಯ ಉಪಾಯ ಹೂಡಿದ. "ಆಯ್ತು, ಶುಭ ಕೋರೋರು ಯಾರು ಹೇಳಿ. ಹೆಸ್ರಿಲ್ದೆ ನಾನು ಯಾರ್ದೂ ಹಾಕಲ್ಲ."

ಶಕೀಲಾಳ ಅಣ್ಣ ಷರೀಫ್ ಎದುರು ಸಿಕ್ಕರೆ ರಸ್ತೆ ದಾಟಿಬಿಡುತ್ತಿದ್ದ. ರತ್ನಮ್ಮನ ಕಡೆಯವರು ಅವಳಿಗೆ ಎಳ್ಳುನೀರು ಬಿಟ್ಟಿದ್ದರು. ರತ್ನಮ್ಮ ಫೋಟೋ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು.

ಅಷ್ಟರಲ್ಲಿ ಲಾಲ್ ಬಾಷಾನ ತಾಯಿ ಬಿಸ್ಮಿಲ್ಲಾ ಬೀ ಒಳಗಿನಿಂದ ಬಂದರು. ಕಣ್ಣು ಮಂಜಾಗುವವರೆಗೆ ಅವರೂ ನೂಲು ಬಿಚ್ಚಿದವರೇ.

"ನನ್ ಹೆಸ್ರು ಹಾಕೋ. ಜ್ವರ ಬಂದಾಗ ನಂಗೆ ಗಂಜಿ ಕಾಯಿಸ್ಕೊಟ್ಟಿದ್ದು ಇವರಿಬ್ರು. ನೀನು ಯಾವ್ದೋ ಕಂಬ ಹತ್ಕೊಂಡಿದ್ದೆ."

"ಅಮ್ಮೀ, ಕನೆಕ್ಷನ್ನು..."

"ಕೀಳ್ಸೋರನ್ನ ನನ್ ಹತ್ರ ಕಳ್ಸು."

ಮರುದಿನ ಯೂನಿಟ್ಟಿನ ಹೆಂಗಸರು ಊಟದ ಡಬ್ಬಿ ಸಮೇತ ಪಕ್ಕದ ಟೀ ಅಂಗಡಿಯ ಟೀವಿ ಮುಂದೆ ಸೇರಿದರು. ಮದುವೆ ದಿನಗಳ ಸಾಲಿನಲ್ಲೇ ಫೋಟೋ ಬಂತು. ಶುಭ ಕೋರುವವರು: ಬಿಸ್ಮಿಲ್ಲಾ ಬೀ ಮತ್ತು ಮಗ.

"ನನ್ ಹೆಸ್ರು ಕೇಳೋಕೇನಾಗಿತ್ತೇ ನಿಮ್ಗೆ?" ಎಂದು ಜೊತೆಯ ಕದಿರಮ್ಮ ಜಗಳಕ್ಕೇ ನಿಂತಳು. ರತ್ನಮ್ಮ ನಗುತ್ತ ಶಕೀಲಾಳ ಕಣ್ಣೊರೆಸಿದಳು.

ಕನೆಕ್ಷನ್ ಕೀಳಿಸಿದ್ದು ಷರೀಫ್ ಒಬ್ಬನೇ. ಹೆಂಡತಿಯ ಧಾರಾವಾಹಿ ತಪ್ಪುತ್ತದೆಂದು ಸಂಜೆಗೇ ಬಂದು ಮತ್ತೆ ಹಾಕು ಎಂದ.

"ಮುಂದಿನ ವರ್ಷ ನಿಮ್ ಹೆಸ್ರೂ ಸೇರಿಸ್ಲಾ ಭಾಯಿ?" ಎಂದು ಲಾಲ್ ಬಾಷಾ ಕೆಣಕಿದ.

ಷರೀಫ್ ಬಾಗಿಲಲ್ಲಿ ನಿಂತ. "ಫೋಟೋದಲ್ಲಿ ಶಕೀಲಾ ಸೊರಗಿದಾಳೆ. ಸರಿಯಾಗಿ ಊಟ ಮಾಡ್ಸು ಅಂತ ಆ ರತ್ನಮ್ಮಂಗೆ ಹೇಳು," ಎಂದು ಹೊರಟುಹೋದ.