ಓರಗಿತ್ತಿಯ ಓದುಗರು

ದಿನಕ್ಕೆ ಹನ್ನೆರಡು. ನನ್ನ ಬ್ಲಾಗಿಗೆ ಬರುವವರ ಸಂಖ್ಯೆ ಇಷ್ಟೇ. ಬೇಲೂರಿನ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದೇನೆ. ಹಳೇಬೀಡಿನ ಸುತ್ತಮುತ್ತಲ ಶಾಸನಗಳನ್ನು ಬಿಸಿಲಲ್ಲಿ ನಿಂತು ಓದಿ, ಒಂದೊಂದು ಅಕ್ಷರ ತಾಳೆ ನೋಡಿ ಬರೆಯುತ್ತೇನೆ. ಹನ್ನೆರಡು ಜನ! ನಾನೇ ಹೋಗಿ ನೋಡಿದ್ದನ್ನು ಎಣಿಸಬೇಡ ಎಂದು ಗುರುತು ಹಾಕಿಟ್ಟಿದ್ದೆ, ಅಷ್ಟು ನಿಯತ್ತು ನನಗಿತ್ತು.

ನನ್ನ ಓರಗಿತ್ತಿ ಮಂಜುಳನ ಬ್ಲಾಗಿಗೆ ದಿನಕ್ಕೆ ನಾನೂರು.

ಮಂಜುಳಾ ಹಗರೆಯಲ್ಲಿರುವ ನನ್ನ ಮೈದುನನ ಹೆಂಡತಿ. ಓದಿದ್ದು ಪಿಯುಸಿ, ಅದರಲ್ಲೂ ಇಂಗ್ಲಿಷಿನಲ್ಲಿ ಫೇಲು. ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಅವಳ ಬ್ಲಾಗಿನ ಹೆಸರು ‘ಕೊಟ್ಟಿಗೆ ಮಾತು’. ಅದನ್ನು ಮಾಡಿಕೊಟ್ಟವಳು ನಾನೇ. ನಮ್ಮ ಮನೆಯಲ್ಲಿ ಹೊಸದೇನು ಬಂದರೂ ಮೊದಲ ಕೈ ಹಿರಿಸೊಸೆಯದು. ಹೊಸ ಒಲೆ ಹಚ್ಚುವುದಿರಲಿ, ಕರು ಹಾಕಿದ ಹಸುವಿನ ಗಿಣ್ಣು ಕಾಯಿಸುವುದಿರಲಿ, ನಾನು ಬಸ್ಸಿಳಿದು ಬರುವವರೆಗೂ ಎಲ್ಲರೂ ಕಾಯುತ್ತಾರೆ. ಬ್ಲಾಗಿಗೂ ಹಾಗೇ ಆಯಿತು.

“ನಿಮ್ಮ ಹೆಸ್ರಲ್ಲೇ ಇರ್ಲಿ ಅಕ್ಕ. ನಾನು ಬರ್ಕೊಂಡ್ ಹೋಯ್ತೀನಿ” ಅಂದಿದ್ದಳು.

ಹೀಗಾಗಿ ಬರೆಯುವವಳು ಅವಳು, ಯಜಮಾನಿ ನಾನು. ಅವಳ ಅಂಕಿಅಂಶದ ಪುಟವೂ ನನಗೆ ಕಾಣುತ್ತಿತ್ತು. ಬೆಳಿಗ್ಗೆ ಕಾಫಿಗೆ ಮುಂಚೆ ನೋಡುತ್ತಿದ್ದೆ, ಎರಡು ಕ್ಲಾಸಿನ ನಡುವೆ ನೋಡುತ್ತಿದ್ದೆ. ಅವಳ ಓದುಗರ ಸಂಖ್ಯೆ ತೋರಿಸುವ ಗೆರೆ ಮೇಲೆ ಹೋದಷ್ಟೂ ನನ್ನ ಹೊಟ್ಟೆಯಲ್ಲಿ ಉರಿ. ಅವಳು ಬರೆದದ್ದನ್ನು ಮಾತ್ರ ಒಂದು ಸಾಲೂ ಓದಿರಲಿಲ್ಲ. ಹಸುವಿನ ವಿಚಾರದಲ್ಲಿ ಓದುವುದಕ್ಕೇನಿದೆ ಎಂಬ ಧಿಮಾಕು.

ಹೋದ ತಿಂಗಳು ತೌರಿಗೆ ಅಂತ ಅರಸೀಕೆರೆಗೆ ಹೋಗಿದ್ದೆ. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಹಳೇ ಸಹಪಾಠಿ ವಿಶಾಲಮ್ಮ ಸಿಕ್ಕಳು. ನನ್ನನ್ನು ನೋಡಿದವಳೇ ಕೈ ಹಿಡಿದುಕೊಂಡಳು.

“ಕೊಟ್ಟಿಗೆ ಮಾತು ಬರೆಯೋ ಮಂಜುಳಾ ನಿನ್ನ ಓರಗಿತ್ತಿಯಂತಲ್ಲೇ! ಏನ್ ಚೆನ್ನಾಗಿ ಬರೀತಾಳೆ ಅಂತೀಯ. ನೀನೂ ಅಷ್ಟೊಂದು ಓದಿದೀಯ, ಏನಾದ್ರೂ ಬರೀಬಾರ್ದಾ?”

ಏಳು ವರ್ಷದಿಂದ ಬರೆಯುತ್ತಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ. ಬೇಲೂರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಫೋನು ತೆಗೆದೆ. ಕೊಟ್ಟಿಗೆ ಮಾತಿನ ಸೆಟ್ಟಿಂಗಿನಲ್ಲಿ ‘ಎಲ್ಲರೂ ಓದಬಹುದು’ ಎಂದಿದ್ದುದನ್ನು ‘ಬರೆಯುವವರಿಗೆ ಮಾತ್ರ’ ಎಂದು ಬದಲಿಸಿದೆ. ಬಸ್ಸು ಊರು ದಾಟುವ ಮೊದಲೇ ಕೆಲಸ ಮುಗಿದಿತ್ತು. ಪಾಪ ಅನ್ನಿಸಲಿಲ್ಲ. ಸುಳ್ಳೇಕೆ ಹೇಳಲಿ, ತಂಪಾಯಿತು.

ಮರುದಿನ ಅವಳ ಗೆರೆ ನೆಲಕ್ಕೆ ಬಿತ್ತು. ಕಣ್ತುಂಬ ನೋಡಿ, ಆಮೇಲೆ ನನ್ನ ಪುಟ ತೆರೆದೆ. ಒಂದು. ಅದರ ಮರುದಿನ ಸೊನ್ನೆ, ಮೂರನೇ ದಿನವೂ ಸೊನ್ನೆ. ಏನೋ ಕೆಟ್ಟಿರಬೇಕು ಎಂದು ಅಲ್ಲಿ ಇಲ್ಲಿ ಒತ್ತುತ್ತಿದ್ದಾಗ, ಓದುಗರು ಯಾವ ದಾರಿಯಿಂದ ಬಂದರು ಎಂದು ತೋರಿಸುವ ಪಟ್ಟಿ ಸಿಕ್ಕಿತು. ಏಳು ವರ್ಷದಲ್ಲಿ ಅದನ್ನು ತೆರೆದೇ ಇರಲಿಲ್ಲ. ಈಚಿನ ಎರಡು ವರ್ಷದ ಓದುಗರಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದೇ ಕಡೆಯಿಂದ ಬಂದಿದ್ದರು: ಕೊಟ್ಟಿಗೆ ಮಾತಿನಿಂದ.

ಆಗ ಅವಳ ಬರಹ ತೆರೆದೆ. ಪ್ರತಿಯೊಂದರ ಕೊನೆಗೂ ಒಂದು ಸಾಲು, ಅದರಲ್ಲಿ ನನ್ನ ಬ್ಲಾಗಿನ ಕೊಂಡಿ. ‘ನಾನು ಬರೆಯೋದು ಸಗಣಿ ಬಾಚೋ ಕೈಯಿಂದ. ನಿಜವಾದ ಬರವಣಿಗೆ ಬೇಕಂದ್ರೆ ನಮ್ಮಕ್ಕಂದು ಓದಿ.’ ಅವಳ ಬರಹಗಳನ್ನೆಲ್ಲ ಅಲ್ಲೇ ಕೂತು ಓದಿದೆ. ಕರು ಸತ್ತ ಹಸು ಮೂರು ದಿನ ಅಂಬಾ ಎಂದದ್ದನ್ನು ಓದಿ ಅಳು ಬಂತು. ಚೆನ್ನಾಗಿತ್ತು. ನನ್ನದಕ್ಕಿಂತ ಚೆನ್ನಾಗಿತ್ತು, ಮತ್ತೆ ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಮಂಜುಳನದೇ ಫೋನು.

“ಅಕ್ಕ, ಬ್ಲಾಗು ನಂಗೆ ಓಪನ್ ಆಯ್ತೈತೆ, ಬೇರೆಯೋರ್ಗೆ ಆಯ್ತಿಲ್ವಂತೆ. ನಿಮ್ದು ನೆಟ್ಟಗೈತಾ? ನನ್ದು ಹೋದ್ರೆ ಹೋಗ್ಲಿ, ನಿಮ್ದು ಹೋದ್ರೆ ಅಷ್ಟು ವರ್ಷದ ಕೆಲ್ಸ ಕಣಕ್ಕ.”

“ನೋಡ್ತೀನಿ ಇರು” ಅಂದೆ. ಫೋನಿಟ್ಟು ಮೊದಲಿದ್ದ ಹಾಗೆ ಮಾಡಿದೆ.

ಮರುದಿನ ನನ್ನ ಬ್ಲಾಗಿಗೆ ಆರುನೂರ ನಲವತ್ತು ಜನ ಬಂದರು. ಆ ಸಂಖ್ಯೆ ನೋಡಿ ಸ್ಟಾಫ್ ರೂಮಿನಲ್ಲಿ ಎದ್ದು ನಿಂತುಬಿಟ್ಟೆ. ಮಂಜುಳಾ ಹೊಸದಾಗಿ ಬರೆದಿದ್ದಳು: ನಿಂತುಹೋಗಿದ್ದ ಬ್ಲಾಗನ್ನು ನಮ್ಮಕ್ಕ ಕಾಲೇಜಿನ ಕೆಲಸದ ನಡುವೆ ಸರಿಮಾಡಿಕೊಟ್ಟರು, ಒಂದು ಸಲ ಅವರ ಬ್ಲಾಗಿಗೂ ಹೋಗಿಬನ್ನಿ. ಕೆಳಗೆ ಜನ ಸಾಲುಗಟ್ಟಿ ನನ್ನನ್ನು ಹೊಗಳಿದ್ದರು. ಇಂಥ ಓರಗಿತ್ತಿ ಎಲ್ಲರಿಗೂ ಸಿಗಲಿ ಎಂದು ಒಬ್ಬರು ಹರಸಿದ್ದರು. ನಾಲ್ಕನೆಯದನ್ನು ಓದುವ ಹೊತ್ತಿಗೆ ಮುಖವೆಲ್ಲ ಬಿಸಿಯಾಗಿತ್ತು.

ಮಧ್ಯಾಹ್ನ ರಜೆ ಹಾಕಿ ಹಗರೆಗೆ ಹೋದೆ. ಮಂಜುಳಾ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಅವಳು ಕೈ ಒರೆಸಿಕೊಂಡು ಏಳುವ ಮೊದಲೇ ಹೇಳಿಬಿಟ್ಟೆ.

“ಮುಚ್ಚಿದ್ದು ನಾನೇ ಕಣೇ. ನಿನ್ನ ನಾನೂರು ನೋಡಕ್ಕಾಗ್ಲಿಲ್ಲ, ಅದಕ್ಕೆ.”

ಅವಳು ಕ್ಯಾನನ್ನು ಕವುಚಿಟ್ಟಳು. ಒಳಗೆ ಹೋಗಿ ಕಾಫಿ ಮಾಡಿ ತಂದುಕೊಟ್ಟಳು. ನಾನು ಕುಡಿದು ಮುಗಿಸುವವರೆಗೂ ಕಾದು, ಫೋನನ್ನು ನನ್ನ ಮುಂದಿಟ್ಟಳು.

“ಬ್ಲಾಗು ನನ್ನ ಹೆಸ್ರಿಗೆ ಮಾಡ್ಕೊಡಿ.”

ನಮ್ಮ ಮನೆಯ ಜಮೀನು ಇನ್ನೂ ಒಟ್ಟಿಗೇ ಇದೆ. ಅಣ್ಣತಮ್ಮಂದಿರ ನಡುವೆ ಒಂದು ತೆಂಗಿನ ಮರವೂ ಪಾಲಾಗಿಲ್ಲ. ಜಗುಲಿಯ ಮೇಲೆ ಕೂತು ನಾನು ಒಂದೊಂದೇ ಗುಂಡಿ ಒತ್ತಿ ಅವಳನ್ನು ಯಜಮಾನಿ ಮಾಡಿ, ನನ್ನ ಹೆಸರು ತೆಗೆದೆ. ಹತ್ತು ನಿಮಿಷ ಹಿಡಿಯಿತು. ಆಮೇಲೆ ಅವಳು ರಸ್ತೆಯವರೆಗೂ ಬಂದು, ಬೇಲೂರಿನ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಸಿದಳು. ಅಷ್ಟೂ ಹೊತ್ತು ನನ್ನನ್ನು ಒಂದು ಸಲವೂ ಅಕ್ಕ ಎನ್ನಲಿಲ್ಲ.