ಎದುರು ಬಾಗಿಲಿನ ಜಾಲರಿಗಳು

ಕಾಫಿ ಬಟ್ಟಲು ಎತ್ತಲು ರಕೇಲೆಗೆ ಎರಡೂ ಕೈ ಬೇಕು. ಬಲಗೈಯ ಮೂರು ಬೆರಳು ಹೋದ ಚಳಿಗಾಲದಿಂದ ಮಡಚಿಕೊಂಡೇ ಇವೆ. ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಪಕ್ಕದ ಮನೆಯವರನ್ನು ಕರೆಯುತ್ತಾಳೆ. ಆದರೂ ಬೆಳಿಗ್ಗೆ ಎಂಟಕ್ಕೆಲ್ಲ ಅವಳ ಬಾಗಿಲ ಮುಂದೆ ಐದು ಜಾಲರಿ ತಟ್ಟೆ ತುಂಬ ಒರೆಕ್ಕಿಯೆತ್ತೆ, ಕಿವಿಯಾಕಾರದ ಪುಟ್ಟ ಪಾಸ್ತಾ, ಒಣಗುತ್ತಿರುತ್ತವೆ.

ಎದುರು ಬಾಗಿಲಿನ ಪ್ರೂದೆಂಜಾ ಈಸ್ಟರ್ ಕಳೆದಾಗಿನಿಂದ ಇದನ್ನು ಗಮನಿಸುತ್ತಲೇ ಇದ್ದಳು. ಇಟಲಿಯ ಬಾರಿ ನಗರದ ಹಳೇಪೇಟೆಯ ಆ ಓಣಿಯಲ್ಲಿ ಹೆಂಗಸರೆಲ್ಲ ಬಾಗಿಲಲ್ಲೇ ಮೇಜು ಹಾಕಿಕೊಂಡು, ರವೆಹಿಟ್ಟಿನ ಚೂರನ್ನು ಚಾಕುವಿನಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚಿ ಈ ಪುಟ್ಟ ಕಿವಿಗಳನ್ನು ಮಾಡಿ ಮಾರುವವರು. ರಕೇಲೆ ಮಾತ್ರ ಚಾಕು ಮುಟ್ಟುವುದಿಲ್ಲ. ಯಾರಾದರೂ ಫೋಟೊ ತೆಗೆಯಲು ಬಂದರೆ ಹಿಟ್ಟಿನ ಮುದ್ದೆಯ ಮೇಲೆ ಅಂಗೈ ಇಟ್ಟು ನಗುತ್ತಾಳೆ.

ಫೋಟೊ ತೆಗೆಯುವವರಿಗೇನು ಬರವಿರಲಿಲ್ಲ. ಪರವೂರಿನವರು ಫೋನಿನಲ್ಲಿ ಪಟ್ಟಿ ಹಿಡಿದೇ ಬರುತ್ತಾರೆ. ಬಾರಿಗೆ ಹೋದವರು ತಿನ್ನಲೇಬೇಕಾದ್ದು: ಟೊಮೆಟೊ ಒತ್ತಿ ಸುಟ್ಟ ಫೊಕಾಚಾ ರೊಟ್ಟಿ, ಕರಿದ ಮೆಕ್ಕೆಜೋಳದ ಹಿಟ್ಟಿನ ತುಂಡು, ಬಂದರಿನ ದಕ್ಕೆಯಲ್ಲಿ ಕಲ್ಲಿಗೆ ಬಡಿದು ಮೆತ್ತಗಾಗಿಸಿದ ಹಸಿ ಆಕ್ಟೋಪಸ್, ಆಮೇಲೆ ಒರೆಕ್ಕಿಯೆತ್ತೆ. ಈ ಸಲ ಯಾವನೋ ಪುಣ್ಯಾತ್ಮ ಆ ನಾಲ್ಕನೆಯದರ ಮುಂದೆ 'ರಕೇಲೆಯ ಬಾಗಿಲು' ಎಂದು ಸೇರಿಸಿಬಿಟ್ಟಿದ್ದ. ಬಂದವರೆಲ್ಲ ಪ್ರೂದೆಂಜಾಳಿಗೆ ಬೆನ್ನು ತೋರಿಸಿ ಅಲ್ಲಿ ಸಾಲು ನಿಲ್ಲುತ್ತಿದ್ದರು.

ಬುಧವಾರ ನಗರಸಭೆಯ ಅಧಿಕಾರಿಣಿ ಬಂದಳು. ಎಲ್ಲ ಮೇಜುಗಳನ್ನೂ ಸುತ್ತಿ ಕೊನೆಗೆ ಪ್ರೂದೆಂಜಾಳ ಮುಂದೆ ನಿಂತಳು.

"ಕಾರ್ಖಾನೆ ಮಾಲನ್ನ ಕೈಯಲ್ಲಿ ಮಾಡಿದ್ದು ಅಂತ ಮಾರ್ತಿದಾರಂತೆ ಇಲ್ಲಿ. ಒಂದು ಬಾಗಿಲಲ್ಲಿ ಸಿಕ್ಕರೂ ಸಾಕು, ಓಣಿಯ ಅಷ್ಟೂ ಮೇಜು ಎತ್ತಿಸ್ತೀನಿ. ನಾಳೆ ಮಧ್ಯಾಹ್ನ ಬರ್ತೀನಿ, ಸಿನ್ಯೋರಾ. ನಿಮ್ಮ ಕಣ್ಣಿಗೆ ಬೀಳದ್ದು ಏನೂ ಇಲ್ಲ ಅಂತಾರೆ. ನಿಜಾನಾ?"

ಪ್ರೂದೆಂಜಾ ಚಾಕು ಕೆಳಗಿಟ್ಟಳು. ಸುಮ್ಮನಿದ್ದರೆ ತನ್ನ ಮೇಜೂ ಹೋಗುತ್ತದೆ. ಹೇಳಿದರೆ ರಕೇಲೆಯ ಹೊಟ್ಟೆಗೆ ಕಲ್ಲು. ತನ್ನ ಮಗಳ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ಮಗುವನ್ನು ಎತ್ತಿ ನಿಂತವಳು ರಕೇಲೆ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕುಮ್ಮಾ' ಎಂದೇ ಕರೆಯುತ್ತಾರೆ. ಆ ನಂಟನ್ನು ಮುರಿದವಳಿಗೆ ಓಣಿಯಲ್ಲಿ ಯಾರೂ ಮುಖ ಕೊಡುವುದಿಲ್ಲ.

ಸಂಜೆ ಸೊಪ್ಪು ಬಿಡಿಸುತ್ತ ಅತ್ತೆ ಫೆಲಿಚೆತ್ತಾಳನ್ನು ಕೆದಕಿ ನೋಡಿದಳು. "ಅಮ್ಮಾ, ಕುಮ್ಮಾ ರಕೇಲೆಗೆ ಅಷ್ಟೊಂದು ಮಾಲು ಎಲ್ಲಿಂದ ಬರುತ್ತೆ?"

"ನಿನ್ನ ಮೂಗು ಹಿಂಗೇ ಬೆಳೀತಿದ್ರೆ ದಕ್ಕೆ ಮುಟ್ಟುತ್ತೆ ನೋಡು. ಹಡಗಿನೋರು ಹಗ್ಗ ಕಟ್ಟಿಯಾರು."

ಅಷ್ಟು ಹೇಳಿ ಮುದುಕಿ ಮಲಗಲು ಹೋದಳು. ಬೆಳಿಗ್ಗೆ ಐದಕ್ಕೇ ಪೂಜೆಗೆ ಹೋಗಬೇಕಂತೆ. ಈ ಭಕ್ತಿಯೂ ಹೊಸದೇ. ಈಸ್ಟರ್ ಹೊತ್ತಿನಲ್ಲಿ ಪ್ರವಾಸಿಯೊಬ್ಬ ಒರೆಕ್ಕಿಯೆತ್ತೆಗೆ ಹಾಲಿನ ಕೆನೆ ಹಾಕಿ ತಿನ್ನುತ್ತೇನೆ ಎಂದದ್ದಕ್ಕೆ, ಫೆಲಿಚೆತ್ತಾ ಅವನ ಕೈಯಿಂದ ಪೊಟ್ಟಣ ಕಿತ್ತುಕೊಂಡು "ಹಂಗಿದ್ರೆ ರಟ್ಟು ಬೇಯಿಸ್ಕೊಂಡು ತಿನ್ನು, ಹೋಗು!" ಎಂದಿದ್ದಳು. "ನಿಮ್ಮ ಬಾಯಿಂದ ವ್ಯಾಪಾರ ಕೆಡ್ತಿದೆ. ಒಳಗೇ ಇರಿ," ಎಂದು ಅವತ್ತು ಪ್ರೂದೆಂಜಾ ಅವಳ ಕುರ್ಚಿಯನ್ನು ಎತ್ತಿ ಅಡುಗೆಮನೆಗೆ ತಂದಿಟ್ಟಿದ್ದಳು. ಮುದುಕಿ ಎದುರಾಡಿರಲಿಲ್ಲ. ಅದೂ ಅನುಮಾನದ ವಿಷಯವೇ, ಯೋಚಿಸಿದರೆ.

ಅಧಿಕಾರಿಣಿ ಹೋದ ಮೇಲೆ ಪ್ರೂದೆಂಜಾ ಪ್ರವಾಸಿ ಹುಡುಗಿಯೊಬ್ಬಳ ಕೈಲಿ ರಕೇಲೆಯ ಅರ್ಧ ಕಿಲೋ ಕೊಳ್ಳಿಸಿ ಮುಚ್ಚಿಟ್ಟಿದ್ದಳು. ಈಗ ಬಾಗಿಲು ಹಾಕಿ, ಪೊಟ್ಟಣವನ್ನು ಮೇಜಿನ ಮೇಲೆ ಸುರಿದಳು. ಕಾರ್ಖಾನೆಯದಾದರೆ ಎಲ್ಲ ಒಂದೇ ಅಚ್ಚಿನವು. ಇವು ಒಂದರಂತೆ ಒಂದಿಲ್ಲ. ಕೈಯದೇ. ಅವಳಿಗೆ ಸಮಾಧಾನವಾಗಲಿಲ್ಲ. ಒಂದನ್ನು ತನ್ನ ಹೆಬ್ಬೆರಳಿಗೆ ತೊಡಿಸಿ ನೋಡಿದಳು, ಕೂರಲಿಲ್ಲ. ಇನ್ನೊಂದು, ಅದೂ ಇಲ್ಲ. ಎಲ್ಲದರ ದಪ್ಪ ಅಂಚು ತನ್ನವಕ್ಕೆ ವಿರುದ್ಧವಾಗಿ ಆಚೆ ಬದಿಗಿತ್ತು.

ಮದುವೆಯಾಗಿ ಬಂದ ವರ್ಷ ಅತ್ತೆ ಅವಳನ್ನು ಪಕ್ಕದಲ್ಲಲ್ಲ, ಎದುರಿಗೆ ಕೂರಿಸಿಕೊಂಡು ಕಲಿಸಿದ್ದಳು. "ನಂದು ಎಡಗೈ. ಕನ್ನಡಿ ನೋಡ್ದಂಗೆ ನೋಡಿ ಕಲಿ," ಎಂದಿದ್ದಳು. ಓಣಿಯಲ್ಲಿ ಎಡಗೈಯವರು ಇನ್ನೊಬ್ಬರಿರಲಿಲ್ಲ.

ಬೆಳಿಗ್ಗೆ ಐದಕ್ಕೆ ಪ್ರೂದೆಂಜಾ ಚಪ್ಪಲಿ ಕೈಯಲ್ಲಿ ಹಿಡಿದು ಅತ್ತೆಯ ಹಿಂದೆ ಹೊರಟಳು. ಮುದುಕಿ ಇಗರ್ಜಿಯ ಮುಂದೆ ಶಿಲುಬೆ ಗುರುತು ಹಾಕಿದಳು. ಒಳಗೆ ಹೋಗದೆ ಹಿತ್ತಲ ಸಂದಿಗೆ ತಿರುಗಿ ರಕೇಲೆಯ ಅಡುಗೆಮನೆ ಸೇರಿದಳು. ಪ್ರೂದೆಂಜಾ ಕಿಟಕಿಯ ಕೆಳಗೆ ಉಸಿರು ಬಿಗಿಹಿಡಿದು ಕೂತಳು. ಚಾಕು ಹಲಗೆಯ ಮೇಲೆ ಸರಸರ ಎಳೆಯುವ ಸದ್ದು ಬಂತು.

"ಹಿಟ್ಟು ಇಷ್ಟು ಗಟ್ಟಿಯಾಗಿ ಯಾರು ನಾದಿದ್ದು? ಚಪ್ಪಲಿ ಹೊಲೀಬೇಕಾ ಇದರಲ್ಲಿ?"

"ಮೊಣಕೈಯಲ್ಲಿ ನಾದಿದೀನಿ, ಮಾರಾಯ್ತಿ. ನಾನೇನು ಮಾಡ್ಲಿ?" ರಕೇಲೆಯ ದನಿ ಇಳಿಯಿತು. "ಇವತ್ತು ಅಧಿಕಾರಿ ಬರ್ತಾಳೆ. ನಿನ್ನ ಸೊಸೆಗೆ ಹೇಳಿಬಿಡೋಣ ಕಣೆ."

"ಏನಂತ ಹೇಳೋದು? ಅಲ್ಲಿ ನನ್ನ ಬಾಯಿಂದ ವ್ಯಾಪಾರ ಕೆಡುತ್ತೆ. ಬಾಯಿ ಬೇಡ ಅಂದೋರಿಗೆ ಕೈ ಯಾಕೆ ಕೊಡ್ಲಿ? ಇಲ್ಲಾದ್ರೆ ಎರಡೂ ನಡೆಯುತ್ತೆ."

ಪ್ರೂದೆಂಜಾ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಮನೆಗೆ ಬಂದಳು.

ಮಧ್ಯಾಹ್ನ ಅಧಿಕಾರಿಣಿ ನೇರವಾಗಿ ರಕೇಲೆಯ ಬಾಗಿಲಿಗೇ ಹೋದಳು. ಮಡಚಿದ ಬೆರಳುಗಳನ್ನೂ ಐದು ಜಾಲರಿಗಳನ್ನೂ ನೋಡಿದಳು. "ಮಾಡಿ ತೋರಿಸಿ." ರಕೇಲೆ ಮುದ್ದೆಯ ಮೇಲೆ ಅಂಗೈ ಇಟ್ಟಳು. ಈ ಸಲ ನಗಲಿಲ್ಲ. ಓಣಿಯ ಚಾಕುಗಳೆಲ್ಲ ನಿಂತವು.

"ಕಾರ್ಖಾನೇದಲ್ಲ ಅದು," ಪ್ರೂದೆಂಜಾ ಎದ್ದು ನಿಂತಳು. "ನಮ್ಮತ್ತೆ ಮಾಡಿದ್ದು. ಅಂಚು ನೋಡಿ, ಎಡಗೈದು."

"ಮಾಡೋರು ಅವರಾದ್ರೆ ಹೊರಗೆ ಯಾಕೆ ಕೂತಿಲ್ಲ?"

ಅತ್ತೆಗೆ ಹುಷಾರಿಲ್ಲ, ಬಿಸಿಲು ತಡೆಯಲ್ಲ, ಏನಾದರೂ ಹೇಳಬಹುದಿತ್ತು. "ಒಳಗೆ ಕೂರಿಸಿದ್ದು ನಾನು," ಎಂದಳು ಪ್ರೂದೆಂಜಾ.

ಮಾತು ಕೇಳಿ ಬಾಗಿಲಿಗೆ ಬಂದಿದ್ದ ಫೆಲಿಚೆತ್ತಾ ಯಾರ ಮುಖವನ್ನೂ ನೋಡದೆ ಓಣಿ ದಾಟಿದಳು. ರಕೇಲೆಯ ಮೇಜಿನ ಚಾಕು ಎತ್ತಿಕೊಂಡು ನಿಂತಲ್ಲೇ ಹತ್ತು ಕಿವಿ ಎಳೆದು ಅಧಿಕಾರಿಣಿಯ ಕೈಗೆ ಸುರಿದಳು. "ಕೆನೆ ಹಾಕಿ ತಿಂದ್ರೆ ನೋಡು ಮತ್ತೆ!"

ಅಧಿಕಾರಿಣಿ ಜಾಲರಿಯ ಒಂದನ್ನು ಅದರ ಪಕ್ಕ ಇಟ್ಟು ನೋಡಿದಳು. "ಪೊಟ್ಟಣದ ಮೇಲೆ ಇಬ್ಬರ ಹೆಸರೂ ಇರ್ಬೇಕು. ಮಾಡೋರು ಕಣ್ಣಿಗೆ ಕಾಣ್ಬೇಕು," ಎಂದು ಮುಂದಿನ ಓಣಿಗೆ ಹೋದಳು.

ಪ್ರೂದೆಂಜಾ ಅಡುಗೆಮನೆಯಿಂದ ಅತ್ತೆಯ ಕುರ್ಚಿ ಹೊತ್ತು ತಂದಳು. ಓಣಿಯ ನಡುವೆ ಕ್ಷಣ ನಿಂತಳು. ಆಮೇಲೆ ಹೋಗಿ ರಕೇಲೆಯ ಮೇಜಿನ ಹಿಂದೆ ಇಟ್ಟಳು.

ಫೆಲಿಚೆತ್ತಾ ಸೊಸೆಯನ್ನು ಕೆಳಗಿಂದ ಮೇಲೆ ನೋಡಿದಳು. "ಇದ್ರಲ್ಲಿ ನಿಂಗೇನು ಲಾಭ?"

"ಏನಿಲ್ಲಮ್ಮಾ."

ಮುದುಕಿ ನಂಬಲಿಲ್ಲ. ಬಗ್ಗಿ ಕುರ್ಚಿಯ ನಾಲ್ಕೂ ಕಾಲುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿ, ಆಮೇಲೆ ಕೂತಳು.